ಮಾದರಿ ರೈಲಿನ ಹಳಿ: ರಬ್ಬರೋ, ಟರ್ಪೆಂಟೈನೋ, ಒರೆಸುವ ಬೋಗಿಯೋ?

ಎಂಜಿನ್ ತಿರುವಿನಲ್ಲಿ ತಡವರಿಸುತ್ತದೆ, ಹೆಡ್‌ಲೈಟ್ ಮಿಣುಕುತ್ತದೆ, ಬೆರಳಿನಿಂದ ಸ್ವಲ್ಪ ತಳ್ಳಿದರೆ ಮತ್ತೆ ಓಡುತ್ತದೆ. ಎಚ್‌ಒ ಅಳತೆಯ (ನಿಜ ರೈಲಿನ 87ರಲ್ಲಿ ಒಂದು ಪಾಲಿನ) ಮಾದರಿ ರೈಲಿನ ಲೇಔಟ್ ಇರುವ ಯಾವ ಮನೆಯಲ್ಲೂ ಇದು ಹೊಸ ವಿಷಯವಲ್ಲ. ಮೋಟರಿಗೆ ಬೇಕಾದ ಕರೆಂಟೆಲ್ಲ ಚಕ್ರ ಹಳಿಗೆ ತಾಗುವ ಜಾಗದಿಂದಲೇ ಹತ್ತಬೇಕು, ಆ ಜಾಗ ಸಾಸಿವೆ ಕಾಳಿಗಿಂತಲೂ ಚಿಕ್ಕದು. ಅಲ್ಲಿ ಒಂದು ತೆಳು ಜಿಡ್ಡು ಕೂತರೂ ಓಟ ನಿಲ್ಲುತ್ತದೆ. ಹಳಿ ಸ್ವಚ್ಛ ಮಾಡಲು ಹತ್ತಾರು ಸಾಧನಗಳು ಸಿಗುತ್ತವೆ, ಎಲ್ಲವೂ ಕೊಳೆ ತೆಗೆಯುತ್ತವೆ. ಆಯ್ಕೆ ಮಾಡುವಾಗ ಕೇಳಬೇಕಾದದ್ದು ಎರಡು ಪ್ರಶ್ನೆ: ನಿಮ್ಮ ಹಳಿಗೆ ಹತ್ತಿರುವುದು ಯಾವ ಕೊಳೆ? ಒರೆಸಿದ ಮೇಲೆ ಅದು ಎಷ್ಟು ದಿನಕ್ಕೆ ಮರಳಿ ಬರುತ್ತದೆ?

ಮೊದಲು ಜೋಡಣೆಯನ್ನು ಪರೀಕ್ಷಿಸಿ

ಕೊಳೆಯ ಮೇಲೆ ಹೊರಿಸುವ ಅಪವಾದಗಳಲ್ಲಿ ಹಲವು ನಿಜಕ್ಕೂ ಹಳಿಯ ತುಂಡುಗಳನ್ನು ಕೂಡಿಸುವ ಲೋಹದ ರೈಲ್ ಜಾಯಿನರ್‌ನ ತಪ್ಪು. ಒಂದು ನಿರ್ದಿಷ್ಟ ತುಂಡಿನ ಮೇಲೆ ಉದ್ದಕ್ಕೂ ಎಲ್ಲ ಎಂಜಿನ್‌ಗಳೂ ನಿಧಾನವಾದರೆ ಅದು ಜೋಡಣೆ ಸಡಿಲವಾದ ಲಕ್ಷಣ. ಅಲ್ಲಲ್ಲಿ, ಬಿಟ್ಟು ಬಿಟ್ಟು ತಡವರಿಸಿದರೆ ಹಳಿಯ ಕೊಳೆ. ಒಂದೇ ಎಂಜಿನ್ ಎಲ್ಲ ಕಡೆಯೂ ತಡವರಿಸಿದರೆ ಆ ಎಂಜಿನ್‌ನ ಚಕ್ರ ನೋಡಿ, ಹಳಿಯನ್ನು ಬಿಟ್ಟುಬಿಡಿ.

ಸಂಶಯವಿದ್ದರೆ ಎಂಜಿನ್ ಓಡುತ್ತಿರುವಾಗಲೇ ಮಲ್ಟಿಮೀಟರ್‌ನಿಂದ ಎರಡು ಕಡೆ ಅಳೆಯಿರಿ: ಹಳಿಗೆ ಕರೆಂಟು ತರುವ ಫೀಡರ್ ತಂತಿ ಬೆಸೆದಿರುವಲ್ಲಿ ಒಮ್ಮೆ, ತೊಂದರೆ ಇರುವಲ್ಲಿ ಒಮ್ಮೆ. ಎಂಜಿನ್ ಓಡದೆ ಅಳೆದರೆ ಸಡಿಲ ಜೋಡಣೆಯೂ ಪೂರ್ತಿ ವೋಲ್ಟೇಜ್ ತೋರಿಸಿ ದಾರಿ ತಪ್ಪಿಸುತ್ತದೆ. ಡಿಸಿಸಿ (ಹಳಿಯ ಮೂಲಕವೇ ಎಂಜಿನ್‌ಗೆ ಡಿಜಿಟಲ್ ಆಜ್ಞೆ ಕಳಿಸುವ ವ್ಯವಸ್ಥೆ) ಇದ್ದರೆ ಸಾಮಾನ್ಯ ಮೀಟರ್ ಸರಿಯಾದ ಅಂಕಿ ಕೊಡುವುದಿಲ್ಲ, ಆದರೆ ಎರಡು ಜಾಗಗಳ ವ್ಯತ್ಯಾಸ ತಿಳಿಯಲು ಅಷ್ಟು ಸಾಕು. ಒಂದು ವೋಲ್ಟಿನಷ್ಟು ಇಳಿದಿದ್ದರೆ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ. 914 ಮಿಲಿಮೀಟರ್ ಉದ್ದದ, ಬೇಕಾದಂತೆ ಬಾಗಿಸಬಹುದಾದ ಫ್ಲೆಕ್ಸ್ ಟ್ರ್ಯಾಕ್‌ನ ಪ್ರತಿ ತುಂಡಿಗೂ ಒಂದು ಜೊತೆ ಫೀಡರ್ ಬೆಸೆದುಬಿಟ್ಟರೆ ಈ ತಲೆನೋವು ಶಾಶ್ವತವಾಗಿ ಹೋಗುತ್ತದೆ.

ಯಾವ ಕೊಳೆ?

ಹಳೆಯ ಬಿಳಿ ಪಂಚೆಯ ತುಂಡೊಂದನ್ನು ಬೆರಳಿಗೆ ಸುತ್ತಿ ಒಂದು ಅಡಿ ಎಳೆಯಿರಿ. ಹಲವು ಸಲ ಒಗೆದ ಪಂಚೆ ಬಟ್ಟೆ ನೂಲು ಬಿಡುವುದು ಕಡಿಮೆ. ಬನಿಯನ್ ಬಟ್ಟೆ, ಟವೆಲ್ ಬೇಡ, ಅವುಗಳ ಎಳೆ ಪಾಯಿಂಟ್‌ನ (ರೈಲು ದಾರಿ ಬದಲಿಸುವ ಜಾಗದ) ಸರಿಯುವ ಬ್ಲೇಡಿಗೆ ಸಿಕ್ಕಿಕೊಂಡು ಆಮೇಲೆ ಎಂಜಿನ್‌ನ ಗೇರಿಗೆ ಸುತ್ತಿಕೊಳ್ಳುತ್ತದೆ.

ಬಟ್ಟೆಯ ಮೇಲೆ ಬೂದು ಬಣ್ಣದ ಒಣ ಪುಡಿ ಬಂದರೆ ಅದು ಬರೀ ಧೂಳು. ಪಾರದರ್ಶಕವಾಗಿ ಅಂಟಂಟಾಗಿದ್ದರೆ ಎರಡು ಮೂಲ ಇರಬಹುದು. ಒಂದು, ಎಂಜಿನ್‌ಗೆ ಹೆಚ್ಚಾಗಿ ಬಿಟ್ಟ ಎಣ್ಣೆ ಅಥವಾ ಮನೆಯ ಗಾಳಿಯ ಜಿಡ್ಡು. ಒಗ್ಗರಣೆಯ ಹೊಗೆ, ಊದುಬತ್ತಿ, ಸೊಳ್ಳೆಬತ್ತಿ ಎಲ್ಲವೂ ಹಳಿಯ ಮೇಲೆ ತೆಳು ಪೊರೆ ಕೂರಿಸುತ್ತವೆ. ಇನ್ನೊಂದು, ಜಲ್ಲಿ ಕೂರಿಸುವಾಗ ಹಳಿಯ ಮೇಲೆ ಒಣಗಿದ ಫೆವಿಕಾಲ್ ನೀರು. ಹಿತ್ತಾಳೆಯ ಹಳಿಯಲ್ಲಿ ಕಂದು ಅಥವಾ ಹಸಿರು ಛಾಯೆ ಕಂಡರೆ ಅದು ಕಿಲುಬು. ಉಕ್ಕಿನ ಹಳಿಯಾದರೆ ತುಕ್ಕು.

ಉಳಿದದ್ದು ಕಾಡಿಗೆಯಂಥ ಕಪ್ಪು. ನಿಜವಾದ ಶತ್ರು ಇದೇ. ಚಕ್ರ ಮತ್ತು ಹಳಿಯ ನಡುವೆ ಸಂಪರ್ಕ ಕ್ಷಣಕ್ಷಣಕ್ಕೂ ಕಡಿದು ಕೂಡುವಾಗ ಕಣ್ಣಿಗೆ ಕಾಣದ ಕಿಡಿಗಳು ಹಾರುತ್ತವೆ. ಆ ಕಿಡಿ ಲೋಹದ ಮೇಲ್ಮೈಯನ್ನು ಸುಟ್ಟು ಆಕ್ಸೈಡ್ ಮಾಡುತ್ತದೆ, ಅಲ್ಲಿದ್ದ ಎಣ್ಣೆ ಮತ್ತು ಧೂಳನ್ನು ಸೇರಿಸಿ ಕರಿ ಮಾಡುತ್ತದೆ. ಕರಿ ಹೆಚ್ಚಿದಷ್ಟೂ ಸಂಪರ್ಕ ಕೆಡುತ್ತದೆ, ಸಂಪರ್ಕ ಕೆಟ್ಟಷ್ಟೂ ಕಿಡಿ ಹೆಚ್ಚುತ್ತದೆ. ಒಮ್ಮೆ ಶುರುವಾದ ಮೇಲೆ ಹಳಿ ಬೇಗ ಬೇಗ ಕೆಡುವುದು ಇದಕ್ಕೇ.

ಹಳಿಯ ಲೋಹವನ್ನೂ ತಿಳಿದುಕೊಂಡಿರಬೇಕು. ಈಗಿನ ಒಳ್ಳೆಯ ಹಳಿಗಳು ನಿಕಲ್ ಸಿಲ್ವರ್‌ನವು, ಅಂದರೆ ನಮ್ಮ ಪೂಜಾ ಸಾಮಾನಿನ ಅಂಗಡಿಗಳಲ್ಲಿ ಜರ್ಮನ್ ಸಿಲ್ವರ್ ಎಂದು ಮಾರುವ ಲೋಹ. ಹೆಸರಿನಲ್ಲಿ ಮಾತ್ರ ಬೆಳ್ಳಿ, ಒಳಗಿರುವುದು ತಾಮ್ರ, ನಿಕಲ್, ಸತು. ಇದರ ಮೇಲೆ ಕಿಲುಬು ಹಿತ್ತಾಳೆಯಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಬ್ಯಾಚ್‌ಮನ್‌ನ ಇಜಡ್ ಟ್ರ್ಯಾಕ್‌ನಲ್ಲಿ ಗುರುತು ಸುಲಭ: ಕೆಳಗಿನ ಪ್ಲಾಸ್ಟಿಕ್ ತಳ ಕಪ್ಪಾಗಿದ್ದರೆ ಉಕ್ಕಿನ ಹಳಿ, ಬೂದು ಬಣ್ಣದ್ದಾದರೆ ನಿಕಲ್ ಸಿಲ್ವರ್. ಮಂಗಳೂರು, ಕಾರವಾರದಂಥ ಉಪ್ಪುಗಾಳಿಯ ಊರುಗಳಲ್ಲಿ ಉಕ್ಕಿನ ಹಳಿಯನ್ನು ಒರೆಸುತ್ತ ಕೂರುವುದಕ್ಕಿಂತ ಬದಲಾಯಿಸುವುದೇ ಮೇಲು.

ಉಜ್ಜುವ ಸಾಧನಗಳು

ಪೆಕೊ ಕಂಪನಿಯ ಟ್ರ್ಯಾಕ್ ರಬ್ಬರ್, ವಾಲ್ಥರ್ಸ್‌ನ ಬ್ರೈಟ್ ಬಾಯ್ ಇವೆಲ್ಲ ಒಂದೇ ಜಾತಿ. ರಬ್ಬರಿನಲ್ಲಿ ಉಜ್ಜುವ ಪುಡಿ ಬೆರೆಸಿರುತ್ತಾರೆ. ನಾಲ್ಕು ಸಲ ಎಳೆದರೆ ಹಳಿ ಫಳಫಳ ಹೊಳೆಯುತ್ತದೆ, ಖರ್ಚು ಕಡಿಮೆ, ವಾಸನೆಯಿಲ್ಲ. ಹಳಿ ಬದಿಗೆ ಬಣ್ಣ ಹಚ್ಚಿದಾಗ ಮೇಲೆ ಹತ್ತಿದ್ದನ್ನು, ಹಳೆಯ ಹಿತ್ತಾಳೆಯ ಗಟ್ಟಿ ಕಿಲುಬನ್ನು, ಒಣಗಿದ ಅಂಟನ್ನು ತೆಗೆಯಲು ಇದಕ್ಕೆ ಸಾಟಿಯಿಲ್ಲ.

ವಾರವಾರವೂ ಇದನ್ನೇ ಬಳಸುವುದು ಮಾತ್ರ ತಪ್ಪು. ಪ್ರತಿ ಉಜ್ಜಿಗೂ ಹಳಿಯ ಮೇಲೆ ಸೂಕ್ಷ್ಮ ಗೀರುಗಳು ಬೀಳುತ್ತವೆ. ಚಕ್ರ ಗೀರಿನ ದಿಬ್ಬಗಳಿಗೆ ಮಾತ್ರ ತಾಗುತ್ತದೆ, ತಗ್ಗಿನಲ್ಲಿ ಕರಿ ಕೂರುತ್ತದೆ. ಆ ಕರಿಯನ್ನು ಬಟ್ಟೆ ಮುಟ್ಟಲಾರದು, ಹಾಗಾಗಿ ಮತ್ತೆ ರಬ್ಬರನ್ನೇ ಹಿಡಿಯಬೇಕು. ರಬ್ಬರಿನ ಚೂರುಗಳು ಬೇರೆ ಪಾಯಿಂಟ್‌ಗಳ ಸಂದಿಗೆ ಬೀಳುತ್ತವೆ. ಬಳಸಿದ ಮೇಲೆ ವ್ಯಾಕ್ಯೂಮ್ ಹಿಡಿಯದೆ ರೈಲು ಬಿಡಬೇಡಿ. ಜಲ್ಲಿ ಸಡಿಲವಿದ್ದರೆ ವ್ಯಾಕ್ಯೂಮ್ ಬಾಯಿಗೆ ತೆಳು ಬಟ್ಟೆ ಕಟ್ಟಿಕೊಳ್ಳಿ.

ಈಗಾಗಲೇ ಗೀರಾಗಿರುವ ಹಳಿಗೆ ಪರಿಹಾರವಿದೆ, ತಾಳ್ಮೆ ಬೇಕು ಅಷ್ಟೆ. ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿದರೆ ಸಿಗುವ ಎಮರಿ ಕಾಗದವನ್ನು 2 ಸೆಂಟಿಮೀಟರ್ ಅಗಲದ ಮರದ ತುಂಡಿಗೆ ಸುತ್ತಿ, 600, 1000, 2000 ನಂಬರ್‌ಗಳ ಕ್ರಮದಲ್ಲಿ ಹಳಿಯ ಉದ್ದಕ್ಕೆ ಎಳೆಯಿರಿ. ಅಡ್ಡಡ್ಡ ಬೇಡ. ಹಿಂದಿನ ನಂಬರಿನ ಗೀರು ಮಾಯವಾಗುವ ತನಕ ಮುಂದಿನದಕ್ಕೆ ಹೋಗಬೇಡಿ. ಕೊನೆಗೆ ಸ್ಟೇನ್‌ಲೆಸ್ ಸ್ಟೀಲ್ ವಾಷರ್‌ನ ನುಣುಪಾದ ಅಂಚನ್ನು ಒತ್ತಿ ಹಿಡಿದು ಹತ್ತಾರು ಸಲ ಎಳೆದರೆ ಮೇಲ್ಮೈ ಕನ್ನಡಿಯಂತೆ ನಯವಾಗುತ್ತದೆ. ಆಗ ಲೇಔಟ್‌ನ ಕರೆಂಟು ತೆಗೆದಿರಲಿ, ವಾಷರ್ ಎರಡೂ ಹಳಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಇದನ್ನು ಒಂದು ಹಳಿಗೆ ಒಂದೇ ಸಲ ಮಾಡಿದರೆ ಸಾಕು.

ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಲೇಔಟ್ ಇರುವ ಕೋಣೆಗೇ ತರಬೇಡಿ. ಅದರ ಎಳೆಗಳನ್ನು ಮೋಟರಿನ ಅಯಸ್ಕಾಂತ ಎಳೆದುಕೊಳ್ಳುತ್ತದೆ, ಒಳಗೆ ಶಾರ್ಟ್ ಆಗಿ ಸುಡುತ್ತದೆ. ಹಿತ್ತಾಳೆ ಹಳಿ ಕಂಡಾಗ ಹುಣಸೆಹಣ್ಣಿನ ನೆನಪಾಗುವುದು ಸಹಜ, ಕಿಲುಬನ್ನು ಅದು ಚೆನ್ನಾಗಿಯೇ ಬಿಡಿಸುತ್ತದೆ. ಪಾತ್ರೆಯನ್ನಾದರೆ ಆಮೇಲೆ ನೀರಿನಲ್ಲಿ ತೊಳೆಯುತ್ತೇವೆ, ಮೊಳೆ ಹೊಡೆದು ಜಲ್ಲಿ ಅಂಟಿಸಿದ ಹಳಿಯನ್ನು ಹೇಗೆ ತೊಳೆಯುವುದು? ಉಳಿದ ಹುಳಿ ಸ್ಲೀಪರ್ (ಹಳಿಯಡಿಯ ಅಡ್ಡಪಟ್ಟಿ) ಸಂದಿಯಲ್ಲಿ ಕೂತು ಹೊಸ ಕಿಲುಬು ಹುಟ್ಟಿಸುತ್ತದೆ. ಪಾತ್ರೆ ಹೊಳಪಿಸುವ ಪುಡಿಗೂ ಇದೇ ಮಾತು.

ದ್ರಾವಕಗಳು

ನಿಯಮಿತ ಸ್ವಚ್ಛತೆಗೆ ಬೇಕಾದದ್ದು ದ್ರಾವಕ. ಹೆಚ್ಚು ವಾದ ನಡೆಯುವುದೂ ಇಲ್ಲೇ.

ಎಲ್ಲರ ಕೈಗೆ ಮೊದಲು ಸಿಗುವುದು ಐಸೊಪ್ರೊಪೈಲ್ ಆಲ್ಕೊಹಾಲ್, ಚಿಕ್ಕದಾಗಿ ಐಪಿಎ. ಜಿಡ್ಡು ಕರಗಿಸುತ್ತದೆ, ನಿಮಿಷದೊಳಗೆ ಆರುತ್ತದೆ, ಸ್ಲೀಪರಿನ ಪ್ಲಾಸ್ಟಿಕ್ಕಿಗೆ ಹಾನಿ ಮಾಡುವುದಿಲ್ಲ. ಒಣಗಿದ ಫೆವಿಕಾಲ್ ಪೊರೆಯನ್ನು ಮೆತ್ತಗೆ ಮಾಡುವ ಗುಣವೂ ಇದಕ್ಕಿದೆ, ಆ ಕೆಲಸ ಟರ್ಪೆಂಟೈನ್‌ನಿಂದ ಆಗದು. ಕೊಳ್ಳುವಾಗ 99 ಪ್ರತಿಶತದ್ದನ್ನು ಕೇಳಿ. 70 ಪ್ರತಿಶತದ್ದರಲ್ಲಿ ಉಳಿದ 30 ಭಾಗ ನೀರು, ಅದು ಉಕ್ಕಿನ ಹಳಿಗೆ ತುಕ್ಕು ತರುತ್ತದೆ. ಹಳಿಯ ಬದಿಗೆ ಅಕ್ರಿಲಿಕ್ ಬಣ್ಣದಲ್ಲಿ ತುಕ್ಕಿನ ಛಾಯೆ ಕೊಟ್ಟಿದ್ದರೆ ಐಪಿಎ ಅದನ್ನು ಎಬ್ಬಿಸುತ್ತದೆ.

ಇನ್ನೊಂದು ಬಣ ಪೆಟ್ರೋಲಿಯಂ ಮೂಲದ್ದು: ಬಿಳಿ ಸೀಮೆಎಣ್ಣೆ, ಮಿನರಲ್ ಟರ್ಪೆಂಟೈನ್, ಪ್ಲಾಸ್ಟಿಕ್ಕಿಗೆ ಹಾನಿಯಿಲ್ಲ ಎಂದು ಡಬ್ಬಿಯ ಮೇಲೆ ಬರೆದಿರುವ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್. 2019ರ ಸುಮಾರಿಗೆ ಅಮೆರಿಕದ ಹವ್ಯಾಸಿಗಳಲ್ಲಿ ಈ ಎರಡು ಬಣಗಳ ಹೋಲಿಕೆ ಜೋರಾಗಿ ನಡೆಯಿತು. ಪೋಲಾರ್ ದ್ರಾವಕಗಳು (ಐಪಿಎ, ಅಸಿಟೋನ್‌ನಂಥವು) ಉಳಿಸುವ ಪೊರೆ ಸೂಕ್ಷ್ಮ ಕಿಡಿಗಳಿಗೆ ಅನುಕೂಲ ಮಾಡಿಕೊಡುತ್ತದೆ, ನಾನ್-ಪೋಲಾರ್ ದ್ರಾವಕಗಳು (ಪೆಟ್ರೋಲಿಯಂ ಮೂಲದವು) ಹಾಗೆ ಮಾಡವು ಎಂಬುದು ಅಲ್ಲಿನ ವಾದ. ಡೈಎಲೆಕ್ಟ್ರಿಕ್ ಸ್ಥಿರಾಂಕ ಇದಕ್ಕೆ ಅಳತೆಗೋಲು, ಅಂಕಿ ದೊಡ್ಡದಾದಷ್ಟೂ ದ್ರಾವಕ ಹೆಚ್ಚು ಪೋಲಾರ್: ಸೀಮೆಎಣ್ಣೆಗೆ ಸುಮಾರು 1.8, ಮಿನರಲ್ ಟರ್ಪೆಂಟೈನ್‌ಗೆ 2ರ ಆಸುಪಾಸು, ಐಪಿಎಗೆ 18ಕ್ಕೂ ಮೇಲೆ, ಅಸಿಟೋನ್‌ಗೆ 21ರ ಹತ್ತಿರ. ಇದನ್ನು ಒಪ್ಪದವರು ಬೇರೆ ಕಾರಣ ಹೇಳುತ್ತಾರೆ. ಐಪಿಎ ಪೂರ್ತಿ ಆರಿಹೋಗಿ ಲೋಹವನ್ನು ಬರಿದಾಗಿ ಬಿಡುತ್ತದೆ, ಪೆಟ್ರೋಲಿಯಂ ದ್ರಾವಕ ಮಾತ್ರ ತೀರಾ ತೆಳುವಾದ ರಕ್ಷಣೆಯನ್ನು ಉಳಿಸುತ್ತದೆ ಎಂದು. ಕಾರಣ ಯಾವುದಾದರೂ ಆಗಲಿ, ಆಯ್ಕೆಯ ದಿಕ್ಕು ಒಂದೇ: ಒರೆಸುವ ಕೆಲಸಗಳ ನಡುವಿನ ಅಂತರ ಹೆಚ್ಚಬೇಕೆಂದರೆ ಟರ್ಪೆಂಟೈನ್ ಬಣ.

ನಮ್ಮ ಊರುಗಳಲ್ಲಿ ಸೀಮೆಎಣ್ಣೆ ಈಗ ಹುಡುಕಿದರೂ ಸುಲಭವಾಗಿ ಸಿಗುವುದಿಲ್ಲ. ಸಿಕ್ಕರೂ ಪಡಿತರದ ನೀಲಿ ಎಣ್ಣೆಯಲ್ಲಿ ಬಣ್ಣ ಬೆರೆಸಿರುತ್ತಾರೆ, ಅದು ಬೇಡ. ಪೇಂಟ್ ಅಂಗಡಿಯಲ್ಲಿ ಎನಾಮಲ್ ಬಣ್ಣ ತೆಳು ಮಾಡಲು ಕೊಡುವ ಮಿನರಲ್ ಟರ್ಪೆಂಟೈನ್‌ನ ಅರ್ಧ ಲೀಟರ್ ಬಾಟಲಿ ಸಾಧಾರಣ ಲೇಔಟ್‌ಗೆ ವರ್ಷಗಟ್ಟಲೆ ಬರುತ್ತದೆ. ಎನ್‌ಸಿ ಥಿನ್ನರ್ ಎಂದು ಕೊಟ್ಟರೆ ವಾಪಸ್ ಮಾಡಿ. ಅದೂ ಅಸಿಟೋನೂ ಪ್ಲಾಸ್ಟಿಕ್ ಸ್ಲೀಪರನ್ನು, ಬೋಗಿಯ ಮೈಯನ್ನು ಕರಗಿಸುತ್ತವೆ.

ಬಳಸುವ ಕ್ರಮ ಹೀಗೆ. ಲೇಔಟ್‌ನ ಕರೆಂಟು ತೆಗೆಯಿರಿ, ಕಿಟಕಿ ತೆರೆಯಿರಿ, ದೇವರ ದೀಪ ಉರಿಯುವ ಕೋಣೆಯಾದರೆ ಅದು ಆರುವ ತನಕ ಕಾಯಿರಿ. ಐಪಿಎ ಆವಿಗೆ ನಮ್ಮ ಮನೆಗಳ ಸಾಮಾನ್ಯ ಉಷ್ಣತೆಯಲ್ಲೇ ಬೆಂಕಿ ಹತ್ತುತ್ತದೆ, ಟರ್ಪೆಂಟೈನ್ ಅದಕ್ಕಿಂತ ನಿಧಾನವಾದರೂ ಹೊತ್ತಿಕೊಳ್ಳುವ ವಸ್ತುವೇ. 2 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಉದ್ದದ ಮರದ ತುಂಡಿಗೆ ಬಟ್ಟೆ ಸುತ್ತಿ, ನಾಲ್ಕೈದು ಹನಿ ಹಾಕಿ. ಹಿಂಡಿದರೆ ತೊಟ್ಟಿಕ್ಕುವಂತಿದ್ದರೆ ಹೆಚ್ಚಾಯಿತು. ಒಂದು ಮೀಟರ್ ಒರೆಸಿ, ಬಟ್ಟೆಯ ಸ್ವಚ್ಛ ಭಾಗಕ್ಕೆ ತಿರುಗಿಸಿ. ಕರಿಯಾದ ಬಟ್ಟೆಯನ್ನೇ ಮುಂದಕ್ಕೆ ಎಳೆದರೆ ಕೊಳೆ ಜಾಗ ಬದಲಿಸುತ್ತದೆ, ಅಷ್ಟೇ. ಹಳಿಯ ಮೇಲ್ಭಾಗದಷ್ಟೇ ಮುಖ್ಯ ಅದರ ಒಳಗಿನ ಮೂಲೆ, ಚಕ್ರದ ಏಣು ಉಜ್ಜುವುದು ಅಲ್ಲಿ. ಬೆರಳಿನ ತುದಿಯಿಂದ ಆ ಮೂಲೆಯನ್ನೂ ಒರೆಸಿ. ಟರ್ಪೆಂಟೈನ್ ಬಳಸಿದರೆ ಕೊನೆಗೆ ಒಣ ಬಟ್ಟೆಯಿಂದ ಇನ್ನೊಂದು ಸುತ್ತು ಕಡ್ಡಾಯ. ಹಳಿ ಒದ್ದೆಯಾಗಿ ಉಳಿದರೆ ಧೂಳು ಹಿಡಿಯುತ್ತದೆ, ಏರಿನಲ್ಲಿ ಚಕ್ರ ಜಾರುತ್ತದೆ. ದ್ರಾವಕ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಡಬ್ಬಕ್ಕೆ ಹಾಕದೆ ಹೊರಗೆ ಹರಡಿ ಒಣಗಿಸಿ.

ಸಾಮಾನ್ಯ ಡಬ್ಲ್ಯೂಡಿ-40 ಸ್ಪ್ರೇ ಮತ್ತು ಅದೇ ಹೆಸರಿನ ಕಾಂಟ್ಯಾಕ್ಟ್ ಕ್ಲೀನರ್ ಬೇರೆ ಬೇರೆ. ಮೊದಲನೆಯದು ಎಣ್ಣೆ ಉಳಿಸುತ್ತದೆ, ಹಳಿಗೆ ಬೇಡ. ಹಣ ಕೊಡುವ ಮೊದಲು ಡಬ್ಬಿಯ ಮೇಲಿನ ಪೂರ್ತಿ ಹೆಸರು ಓದಿ.

ಲೇಪನಗಳು

ಒರೆಸಿದ ಹಳಿಯನ್ನು ಹೆಚ್ಚು ಕಾಲ ಹಾಗೇ ಇಡಲು ಮೂರು ಬಗೆ ಬಳಕೆಯಲ್ಲಿವೆ. ಕ್ಷೌರದ ಯಂತ್ರಕ್ಕೆ ಬಿಡುವ ವಾಲ್ ಕ್ಲಿಪ್ಪರ್ ಎಣ್ಣೆ ಅವುಗಳಲ್ಲಿ ಹಳೆಯದು. ಇಡೀ ಸುತ್ತಿಗೆ ಒಂದೆರಡು ಹನಿ, ಅದೂ ಬಟ್ಟೆಯ ಮೂಲಕ. ಧೂಳಿನ ಊರಿನಲ್ಲಿ ನಾವಿದನ್ನು ಹೇಳುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ಧೂಳಿಗೆ ಎಣ್ಣೆಯ ಹಳಿ ಅಂಟುಕಾಗದದಂತೆ ಕೆಲಸ ಮಾಡುತ್ತದೆ.

ಎರಡನೆಯದು ಗ್ರಾಫೈಟ್. ಚಿತ್ರಕಲೆಯ ಸಾಮಾನಿನ ಅಂಗಡಿಯಲ್ಲಿ ಸಿಗುವ, ಮರವಿಲ್ಲದ 6ಬಿ ಗ್ರಾಫೈಟ್ ಕಡ್ಡಿ ತೆಗೆದುಕೊಳ್ಳಿ. ಬರೆಯುವ ಮಾಮೂಲಿ ಎಚ್‌ಬಿ ಪೆನ್ಸಿಲ್‌ನಲ್ಲಿ ಜೇಡಿಮಣ್ಣಿನ ಪಾಲು ಹೆಚ್ಚು, ಅದು ಕರೆಂಟಿಗೆ ಅಡ್ಡಿ. ಸ್ವಚ್ಛ ಹಳಿಯ ಒಳಮೂಲೆಗೆ ಮಾತ್ರ ಒಂದು ಸಲ ಎಳೆದು, ಒಣ ಬಟ್ಟೆಯಿಂದ ಹೆಚ್ಚಿನದನ್ನು ತೆಗೆಯಿರಿ. ಹಳಿ ಕಪ್ಪಾಗಿ ಕಾಣಬಾರದು. ಗ್ರಾಫೈಟ್ ಜಾರಿಸುತ್ತದೆ, ಆದ್ದರಿಂದ 2 ಪ್ರತಿಶತಕ್ಕಿಂತ ಕಡಿದಾದ ಏರಿನಲ್ಲಿ ಹಚ್ಚಬೇಡಿ. ಅದು ವಿದ್ಯುತ್ ವಾಹಕವೂ ಹೌದು. ಪಾಯಿಂಟ್‌ನ ಫ್ರಾಗ್ (ಎರಡು ದಾರಿಯ ಹಳಿಗಳು ಒಂದನ್ನೊಂದು ದಾಟುವ ಜಾಗ) ಹತ್ತಿರದ ಇನ್ಸುಲೇಷನ್ ಸಂದಿಯ ಮೇಲೆ ಗೀಚಿದರೆ ಶಾರ್ಟ್ ಆಗಬಹುದು, ಆ ಜಾಗ ಬಿಟ್ಟುಬಿಡಿ. ಸಮತಟ್ಟಾದ ಲೇಔಟ್‌ಗೆ ಖರ್ಚಿಗೆ ಹೋಲಿಸಿದರೆ ಇದಕ್ಕಿಂತ ಒಳ್ಳೆಯ ಲೇಪನ ಇಲ್ಲ.

ನೋ-ಆಕ್ಸ್-ಐಡಿ ಎ-ಸ್ಪೆಷಲ್ ಎಂಬ ಅಮೆರಿಕದ ಗ್ರೀಸು ವಿದ್ಯುತ್ ಸಂಪರ್ಕಗಳನ್ನು ಕಿಲುಬಿನಿಂದ ಕಾಪಾಡಲು ತಯಾರಾದದ್ದು. ಹೊಳೆಯುವಷ್ಟು ಸ್ವಚ್ಛ ಮಾಡಿದ ಹಳಿಗೆ ಬೆರಳಿನಿಂದ ತೀರಾ ತೆಳುವಾಗಿ ಹಚ್ಚಿ, ರೈಲು ಓಡಿಸಿ ಹರಡಿ, ಒಂದು ದಿನ ಬಿಟ್ಟು ಪೂರ್ತಿ ಒರೆಸಬೇಕು. ಒರೆಸುವುದನ್ನು ಮರೆತರೆ ಮೊದಲಿಗಿಂತ ಕೆಟ್ಟ ಅಂಟು. ಕರಾವಳಿ, ಮಲೆನಾಡಿನ ತೇವದ ಮನೆಗಳಿಗೆ ಇದು ಯೋಗ್ಯ, ತರಿಸಿಕೊಳ್ಳುವ ಖರ್ಚು ಜಾಸ್ತಿ.

ಒರೆಸುವ ಬೋಗಿಗಳು

ಕೈ ಹೋಗದ ಸುರಂಗ, ಗುಡ್ಡದ ಹಿಂದಿನ ಮರೆಯ ಯಾರ್ಡ್ ಇದ್ದರೆ ಬೋಗಿ ಬೇಕೇ ಬೇಕು. ಸುತ್ತಲೂ ಕೈಯಿಂದ ಮುಟ್ಟಬಹುದಾದ ಚಿಕ್ಕ ಲೇಔಟ್‌ಗೆ ಬೋಗಿ ಕೊಳ್ಳುವುದು ದುಂದು.

ಇವುಗಳಲ್ಲಿ ಸರಳವಾದದ್ದು ಹಾರ್ಡ್‌ಬೋರ್ಡ್ ತುಂಡನ್ನು ಎಳೆಯುವ ಬೋಗಿ. ಕ್ಯಾಲಿಫೋರ್ನಿಯಾದ ಮಾದರಿ ರೈಲು ಹವ್ಯಾಸಿ ಜಾನ್ ಅಲೆನ್ ಅವರ ಹೆಸರಿನಲ್ಲೇ ಇದನ್ನು ಕರೆಯುವುದು ರೂಢಿ. ಮನೆಯಲ್ಲೇ ಮಾಡಬಹುದು: 3 ಮಿಲಿಮೀಟರ್ ದಪ್ಪದ ಹಾರ್ಡ್‌ಬೋರ್ಡನ್ನು 25 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿ, ಮುಂದಿನ ಮತ್ತು ಹಿಂದಿನ ಕೆಳ ಅಂಚುಗಳನ್ನು ಓರೆಯಾಗಿ ಉಜ್ಜಿ. ಓರೆ ಮಾಡದಿದ್ದರೆ ಹಳಿ ಜೋಡಣೆಯಲ್ಲಿ ತಡೆದು ಬೋಗಿ ಹಳಿ ತಪ್ಪುತ್ತದೆ. ತುಂಡಿನ ಮೇಲೆ ಎರಡು ಮೊಳೆಗಳನ್ನು ತಲೆ ಕೆಳಗಾಗಿ ನಿಲ್ಲಿಸಿ ಎಪಾಕ್ಸಿಯಿಂದ ಅಂಟಿಸಿ. ಹಳೆಯ ಡಬ್ಬಿ ವ್ಯಾಗನ್‌ನ ತಳದಲ್ಲಿ ಆ ಮೊಳೆಗಳು ಸಡಿಲವಾಗಿ ಏರಿ ಇಳಿಯುವಂತೆ ಎರಡು ತೂತು ಕೊರೆಯಿರಿ. ತುಂಡು ತನ್ನ ಭಾರದಿಂದಲೇ ಹಳಿಯ ಮೇಲೆ ಕೂರಬೇಕು, ಸ್ಪ್ರಿಂಗ್ ಬೇಡ. ಪ್ರತಿದಿನದ ಗಾಡಿಗೇ ಇದನ್ನು ಸೇರಿಸಿ ಓಡಿಸಬಹುದು. ಕೆಳಭಾಗ ಕಪ್ಪಾದಾಗ ಬೋಗಿಯಿಂದ ತೆಗೆದು ಎಮರಿ ಕಾಗದದ ಮೇಲೆ ಉಜ್ಜಿದರೆ ಮತ್ತೆ ಸಿದ್ಧ. ಇದು ಧೂಳನ್ನೂ ಹೊಸ ಕರಿಯನ್ನೂ ತೆಗೆಯುತ್ತದೆ, ಹಳೆಯ ಗಟ್ಟಿ ಕರಿಯನ್ನಲ್ಲ.

ಸಿಎಂಎಕ್ಸ್ ಕ್ಲೀನ್ ಮಷಿನ್ ಈ ವರ್ಗದ ದೊಡ್ಡಣ್ಣ. ಹಿತ್ತಾಳೆಯ ಟ್ಯಾಂಕ್ ಬೋಗಿ, ಕೆಳಗೆ ಬಟ್ಟೆಯ ಪ್ಯಾಡ್, ದ್ರಾವಕವನ್ನು ಹನಿಹನಿಯಾಗಿ ಬಿಡುವ ತಿರುಪು. ತೂಕ ಹೆಚ್ಚಿರುವುದರಿಂದ ಚೆನ್ನಾಗಿ ಒರೆಸುತ್ತದೆ, ಆ ತೂಕದಿಂದಲೇ ಏರಿನಲ್ಲಿ ಒಂದು ಎಂಜಿನ್‌ಗೆ ಹೊರೆಯಾಗುತ್ತದೆ. ಎರಡು ಎಂಜಿನ್ ಹಾಕಿ, ಸಾಧ್ಯವಾದರೆ ಬೋಗಿಯನ್ನು ಮುಂದೆ ತಳ್ಳಿಸಿ. ಆಗ ಎಂಜಿನ್‌ನ ಚಕ್ರ ಒರೆಸಿದ ಹಳಿಯ ಮೇಲೆ ಓಡುತ್ತದೆ. ಸ್ಲೀಪರ್‌ಗಳ ಮೇಲೆ ಒದ್ದೆ ಗೆರೆ ಕಂಡರೆ ತಿರುಪು ಬಿಗಿಯಿರಿ. ಹಿಂದೆ ಹಾರ್ಡ್‌ಬೋರ್ಡ್ ಬೋಗಿಯನ್ನು ಸೇರಿಸಿದರೆ ಉಳಿದ ತೇವವನ್ನು ಅದು ಹೀರುತ್ತದೆ. ಸೆಂಟರ್‌ಲೈನ್‌ನ ರೋಲರ್ ಬೋಗಿಯೂ ಒಳ್ಳೆಯದೇ. ಭಾರದ ಉರುಳೆಗೆ ಸುತ್ತಿದ ಬಟ್ಟೆಯನ್ನು ತೇವ ಮಾಡಿ ಎಳೆಯುವ ಸರಳ ರಚನೆ, ಕೆಡುವ ಭಾಗವೇ ಇಲ್ಲ.

ಎಚ್‌ಒಗಿಂತ ಚಿಕ್ಕದಾದ ಎನ್ ಅಳತೆಯಲ್ಲಿ ಜಪಾನಿನ ಟೊಮಿಕ್ಸ್ ಬೋಗಿ ಧೂಳು ಹೀರುತ್ತದೆ, ಡಿಸ್ಕ್ ಬದಲಿಸಿದರೆ ಹಳಿ ತಿಕ್ಕುತ್ತದೆ. 9 ಮಿಲಿಮೀಟರ್ ಗೇಜಿನ ಲೇಔಟ್‌ಗೆ ಅದೊಂದೇ ಸಾಕು. ಸಡಿಲ ಜಲ್ಲಿ ಇದ್ದರೆ ಅದನ್ನೂ ಹೀರಿಕೊಳ್ಳುತ್ತದೆ ಎಂಬುದು ನೆನಪಿರಲಿ.

ಹೈ ಫ್ರೀಕ್ವೆನ್ಸಿ ಕ್ಲೀನರ್ ಎಂಬ ಡಬ್ಬಿಗಳೂ ಇವೆ, ಗೇಜ್‌ಮಾಸ್ಟರ್‌ನ ಎಚ್‌ಎಫ್-1 ಅಂಥದ್ದು. ಸಂಪರ್ಕ ತಪ್ಪಿದ ಕ್ಷಣ ಹೆಚ್ಚಿನ ಆವರ್ತನದ ವೋಲ್ಟೇಜ್ ಕೊಟ್ಟು ಕೊಳೆಯನ್ನು ಭೇದಿಸುತ್ತದೆ. ಹಳಿಯ ವೋಲ್ಟೇಜ್ ಏರಿಸಿ ಇಳಿಸಿ ಓಡಿಸುವ ಹಳೆಯ ಡಿಸಿ ಲೇಔಟ್‌ಗೆ ಮಾತ್ರ. ಡಿಸಿಸಿ ಡಿಕೋಡರ್ (ಆಜ್ಞೆ ಓದುವ ಚಿಪ್) ಇರುವ ಎಂಜಿನ್ ಓಡುವ ಹಳಿಗೆ ಜೋಡಿಸಿದರೆ ಡಿಕೋಡರ್ ಹೋದಂತೆಯೇ.

ಚಕ್ರ ಒರೆಸದೆ ಹಳಿ ಒರೆಸಬೇಡಿ

ಹಳಿಯ ಕರಿಯಲ್ಲಿ ದೊಡ್ಡ ಪಾಲು ಚಕ್ರಗಳ ಮೇಲೆ ಮನೆ ಮಾಡಿರುತ್ತದೆ. ಒರೆಸಿದ ಹಳಿಯ ಮೇಲೆ ಕೊಳೆ ಚಕ್ರದ ಇಪ್ಪತ್ತು ವ್ಯಾಗನ್ ಬಿಟ್ಟರೆ ಒಂದೇ ಸಂಜೆಯಲ್ಲಿ ಅದೆಲ್ಲ ಮತ್ತೆ ಹಳಿಗೆ ಬರುತ್ತದೆ. ಪ್ಲಾಸ್ಟಿಕ್ ಚಕ್ರಗಳು ಕೊಳೆಯನ್ನು ಹೆಚ್ಚು ಹಿಡಿದು ಹರಡುತ್ತವೆ. ಹಣ ಕೂಡಿದಂತೆ ಲೋಹದ ಚಕ್ರಕ್ಕೆ ಬದಲಾಯಿಸಿ. ಒರೆಸುವ ಬೋಗಿ ಕೊಳ್ಳುವ ಮೊದಲು ಈ ಖರ್ಚು ಮಾಡಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಎಂಜಿನ್ ಚಕ್ರಕ್ಕೆ ಹೀಗೆ ಮಾಡಿ: ಕಿಚನ್ ಟಿಶ್ಯೂವಿನ ಪಟ್ಟಿಯೊಂದನ್ನು ಎರಡೂ ಹಳಿಗೆ ಅಡ್ಡಲಾಗಿ ಹಾಸಿ, ಐಪಿಎಯಿಂದ ತೇವ ಮಾಡಿ, ಕಾಗದದಿಂದ ಹೊರಗೆ ಹರಿಯದಷ್ಟು ಮಾತ್ರ. ಎಂಜಿನ್‌ನ ಮುಂದಿನ ಚಕ್ರಗಳು ಕಾಗದದ ಮೇಲೆ, ಹಿಂದಿನವು ಬರಿ ಹಳಿಯ ಮೇಲೆ ಇರಲಿ. ಎಂಜಿನ್ ಹಿಡಿದುಕೊಂಡು ಕಡಿಮೆ ವೇಗದಲ್ಲಿ 10 ಸೆಕೆಂಡ್ ಓಡಿಸಿ. ಕಾಗದದ ಮೇಲೆ ಎರಡು ಕಪ್ಪು ಗೆರೆ ಮೂಡುತ್ತವೆ. ಸ್ವಚ್ಛ ಜಾಗಕ್ಕೆ ಸರಿಸಿ, ಗೆರೆ ಮೂಡದ ತನಕ ಮುಂದುವರಿಸಿ, ಆಮೇಲೆ ಎಂಜಿನ್ ತಿರುಗಿಸಿ ಉಳಿದ ಚಕ್ರಗಳಿಗೂ ಮಾಡಿ. ಇಲ್ಲಿ ಕರೆಂಟು ಇರಲೇಬೇಕಾದ್ದರಿಂದ ಬಾಟಲಿಯ ಮುಚ್ಚಳ ಹಾಕಿ ದೂರ ಇಡಿ. ಚಕ್ರಕ್ಕೆ ರಬ್ಬರ್ ಟೈರ್ ಇದ್ದರೆ ಟರ್ಪೆಂಟೈನ್ ತಾಗಿಸಬೇಡಿ, ರಬ್ಬರ್ ಉಬ್ಬಿ ಸಡಿಲವಾಗುತ್ತದೆ.

ಪಾಯಿಂಟ್‌ಗಳಲ್ಲಿ ಬ್ಲೇಡು ಪಕ್ಕದ ಹಳಿಗೆ ತಾಗುವ ಮುಖವನ್ನು ಹೆಚ್ಚಿನವರು ಮರೆಯುತ್ತಾರೆ. ತೇವ ಮಾಡಿದ ಗಟ್ಟಿ ಕಾಗದದ ಪಟ್ಟಿಯನ್ನು ಸಂದಿಯಲ್ಲಿಟ್ಟು, ಬ್ಲೇಡ್ ಮುಚ್ಚಿ ಮೆಲ್ಲಗೆ ಎಳೆಯಿರಿ. ಎರಡು ಮೂರು ಸಲಕ್ಕೆ ಕಾಗದ ಬಿಳಿಯಾಗಿ ಬರುತ್ತದೆ.

ಯಾರಿಗೆ ಯಾವುದು

ಹಾಸಿಗೆಯಡಿ ಇಡುವ, ವಾರಕ್ಕೊಮ್ಮೆ ಮಕ್ಕಳು ಓಡಿಸುವ ಅಂಡಾಕಾರದ ಟ್ರ್ಯಾಕ್‌ಗೆ 99 ಪ್ರತಿಶತದ ಐಪಿಎ ಮತ್ತು ಪಂಚೆ ತುಂಡು ಸಾಕು. ಓಡಿಸುವ ಮೊದಲು ಒಂದು ಸುತ್ತು ಒರೆಸುವುದಕ್ಕೆ ಐದು ನಿಮಿಷವೂ ಬೇಡ. ಮಕ್ಕಳ ಕೈಗೆ ಟರ್ಪೆಂಟೈನ್ ಕೊಡಬಾರದು.

ಕೋಣೆಯೊಂದರಲ್ಲಿ ಶಾಶ್ವತವಾಗಿ ಕಟ್ಟಿದ ಲೇಔಟ್ ಆದರೆ ಒಮ್ಮೆ ಪೂರ್ತಿ ನಯಗೊಳಿಸಿ, ಟರ್ಪೆಂಟೈನ್‌ನಿಂದ ಒರೆಸಿ, ಸಮತಟ್ಟಾದ ಕಡೆ ಗ್ರಾಫೈಟ್ ಎಳೆಯಿರಿ. ನಂತರ ಹಾರ್ಡ್‌ಬೋರ್ಡ್ ಬೋಗಿಯೊಂದು ದಿನವೂ ಓಡುತ್ತಿರಲಿ, ದ್ರಾವಕವನ್ನು ಬಟ್ಟೆಯ ಪರೀಕ್ಷೆಯಲ್ಲಿ ಕರಿ ಕಂಡಾಗ ಮಾತ್ರ ಹಿಡಿಯಿರಿ. ಸುರಂಗ ಉದ್ದವಿದ್ದರೆ ಸಿಎಂಎಕ್ಸ್ ಅಥವಾ ರೋಲರ್ ಬೋಗಿಗೆ ಹಣ ಎತ್ತಿಡಿ. ಅಜ್ಜನ ಕಾಲದ ಹಿತ್ತಾಳೆ ಹಳಿ ಉಳಿಸಿಕೊಳ್ಳಲೇಬೇಕೆಂದಿದ್ದರೆ ವರ್ಷಕ್ಕೆ ಒಂದೆರಡು ಸಲ ರಬ್ಬರ್ ತಪ್ಪದು, ಜೊತೆಗೆ ನೋ-ಆಕ್ಸ್-ಐಡಿ ಹಚ್ಚಿ.

ಓಡಿಸದ ದಿನಗಳಲ್ಲಿ ಲೇಔಟ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿಡಿ. ಬಟ್ಟೆ ಹೊದಿಸಿದರೆ ಅದರ ನೂಲೇ ಹಳಿಗೆ ಉದುರುತ್ತದೆ. ಮಳೆಗಾಲದಲ್ಲಿ ಹಾಳೆಯ ಅಂಚು ಒಂದು ಕಡೆ ಎತ್ತಿರಲಿ, ಒಳಗೆ ತೇವ ನಿಲ್ಲಬಾರದು.